ಜಾತ್ರೆ ಜಗಳದ ಕೇಸು: 19–20ರ ಹುಡುಗರನ್ನು ಏಟು ತಿಂದವನ ಎದುರು ಕೂರಿಸುವುದು ಹೇಗೆ?

ಗಂಗಾವತಿ_ಪಿಎಲ್‌ವಿ:
ಗಂಗಾವತಿ ತಾಲ್ಲೂಕಿನ ಒಂದು ಊರು. ಜಾತ್ರೆಯಲ್ಲಿ ಬೈಕ್ ತಾಗಿದ್ದಕ್ಕೆ ಜಗಳವಾಗಿ 19 ಮತ್ತು 20 ವರ್ಷದ ಇಬ್ಬರು ಸೇರಿ ಒಬ್ಬ ಹುಡುಗನಿಗೆ ಹೊಡೆದಿದ್ದಾರೆ. ಮುಂದಿನ ಹಲ್ಲು ಮುರಿದಿದೆ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 117(2) ತೀವ್ರ ಗಾಯ, 352 ಕೆರಳಿಸುವಂತೆ ಬೈದದ್ದು, 3(5) ಒಟ್ಟಾಗಿ ಮಾಡಿದ್ದು ಅಂತ ಹಾಕಿ ಚಾರ್ಜ್‌ಶೀಟ್ ಆಗಿದೆ. ಹೊಡೆದವರ ಮನೆಯವರು ದುಡ್ಡು ಕೊಟ್ಟು ಕೈತೊಳೆದುಕೊಳ್ಳೋಣ ಅಂತಾರೆ. ಏಟು ತಿಂದವನಿಗೆ ‘ನನ್ನನ್ನೇ ಯಾಕೆ ಹೊಡೆದ್ರಿ’ ಅಂತ ಮುಖ ನೋಡಿ ಕೇಳಬೇಕಂತೆ. ಊರ ಪಂಚಾಯ್ತಿ ಆಗದಂತೆ ಇದನ್ನು ಮಾಡುವ ದಾರಿ ಯಾವುದು? ಹೊಡೆದವರಲ್ಲಿ ಒಬ್ಬ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದಾನೆ.

ಕರಿಕೋಟು:
ಮೊದಲು ಕಲಂ ನೋಡ್ರಿ, ಮಾತುಕತೆ ಆಮೇಲೆ. ಹಲ್ಲು ಮುರಿದರೆ 116ರ ಪ್ರಕಾರ ತೀವ್ರ ಗಾಯ, ಅದಕ್ಕೇ 117(2) ಬಂದಿದೆ. ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ನಡೆಸುವ ರೀತಿ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 359ರಡಿ ಇದು ಕೋರ್ಟಿನ ಅನುಮತಿಯಿಂದ ರಾಜಿಯಾಗುತ್ತದೆ. 352ಕ್ಕೆ ಅನುಮತಿಯೂ ಬೇಡ. ಅಪಾಯಕಾರಿ ಆಯುಧ ಬಳಸಿದ್ದಾರೆಂದು 118(1) ಸೇರಿಸಿದ್ದರೆ, ಅಥವಾ ಐದು ಜನರಾಗಿ 191(2) ದೊಂಬಿ ಹಾಕಿದ್ದರೆ ಕಥೆಯೇ ಬೇರೆ. ಅವು ರಾಜಿ ಪಟ್ಟಿಯಲ್ಲಿಲ್ಲ, ಲೋಕ ಅದಾಲತ್ತಿನಲ್ಲೂ ಮುಗಿಯಲ್ಲ. ಕೇಸು ರದ್ದು ಮಾಡಿಸಲು ಅದೇ ಸಂಹಿತೆಯ 528ರಡಿ ಹೈಕೋರ್ಟಿಗೇ ಹೋಗಬೇಕು: ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ.

ಹೆಚ್ಚು ಎಡವಟ್ಟಾಗುವುದು ಇಲ್ಲಿ: ರಾಜಿ ಮಾಡಿಕೊಳ್ಳಬೇಕಾದವನು ಏಟು ತಿಂದವನು, ದೂರು ಕೊಟ್ಟ ಅಪ್ಪನೋ ಅಣ್ಣನೋ ಅಲ್ಲ. ಅವನಿಗೆ 18 ತುಂಬಿಲ್ಲದಿದ್ದರೆ ಮಾತ್ರ ಅವನ ಪರವಾಗಿ ಪೋಷಕರು, ಅದಕ್ಕೂ ಕೋರ್ಟಿನ ಅನುಮತಿ ಬೇಕು.

ರಾಜಿ ದಾಖಲಾದರೆ ಖುಲಾಸೆ ಆದಂತೆಯೇ. ಹಾಗಂತ ನೌಕರಿ ಅರ್ಜಿಯಲ್ಲಿ ‘ಕೇಸ್ ಇತ್ತೇ’ ಅಂತ ಕೇಳಿದಾಗ ಇಲ್ಲ ಅಂತ ಬರೆಯಬಾರದು. ಕೇಸಿಗಿಂತ ಅದನ್ನು ಮುಚ್ಚಿಟ್ಟಿದ್ದೇ ಮುಳುವಾಗುತ್ತದೆ. ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು ಓದಿ.

ನಡುವಿನವಳು:
ರಾಜಿಯಾಗಬಲ್ಲ ಅಪರಾಧವನ್ನು ಕೋರ್ಟ್ ಮಧ್ಯಸ್ಥಿಕೆಗೆ ಕಳಿಸಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಅಲ್ಲಿ ಆದ ಒಪ್ಪಂದ ತಾನಾಗಿ ತೀರ್ಪಾಗಲ್ಲ, ಕೋರ್ಟ್ ನೋಡಿ ಒಪ್ಪಬೇಕು.

ಒಂದೇ ದಿನ ಎಲ್ಲರನ್ನೂ ಕರೆದು ಕೂರಿಸಬೇಡಿ. ಮೊದಲು ಏಟು ತಿಂದವನ ಜೊತೆ, ಮನೆಯವರನ್ನು ಹೊರಗಿಟ್ಟು, ಒಬ್ಬನೇ ಇದ್ದಾಗ ಮಾತಾಡಿ. ‘ಬೇಡ ಅನ್ನೋ ಹಕ್ಕು ನಿನಗಿದೆ, ಮಧ್ಯದಲ್ಲಿ ಎದ್ದು ಹೋಗಬಹುದು’ ಅಂತ ಸ್ಪಷ್ಟವಾಗಿ ಹೇಳಿ. ಆಮೇಲೆ ಹೊಡೆದವರು, ಇಬ್ಬರೂ ಬೇರೆ ಬೇರೆ. ‘ಅವನೇ ಮೊದಲು ಬೈದ’ ಅನ್ನುವುದರಲ್ಲೇ ಇನ್ನೂ ಇದ್ದರೆ ಎದುರುಬದುರು ಕೂರಿಸುವ ಹೊತ್ತು ಬಂದಿಲ್ಲ. ಅಂಥವನನ್ನು ತಂದರೆ ಏಟು ತಿಂದವನಿಗೆ ಅದೇ ಎರಡನೇ ಏಟು.

ಜಾಗ ಗುಡಿಕಟ್ಟೆಯಾಗಲಿ ಗೌಡರ ಮನೆಯಾಗಲಿ ಬೇಡ. ಒಂದೊಂದು ಕಡೆಗೆ ಜೊತೆಗಾರ ಒಬ್ಬನೇ ಸಾಕು. ಮೊದಲ ಮಾತು ಏಟು ತಿಂದವನದ್ದು: ಆ ದಿನ ಏನಾಯ್ತು, ಆಮೇಲೆ ಊಟ, ಕೆಲಸ, ಮಲಗೋದು ಹೇಗಾಯ್ತು. ಯಾರೂ ನಡುವೆ ಬಾಯಿ ಹಾಕಬಾರದು. ಕಾಲಿಗೆ ಬೀಳಿಸುವ ನಾಟಕ ಬೇಡವೇ ಬೇಡ. ಅದರಿಂದ ಹಿರಿಯರಿಗೆ ಸಮಾಧಾನ, ಹುಡುಗರ ಹೊಟ್ಟೆಯಲ್ಲಿ ಸೇಡು.

ದುಡ್ಡಿನ ಲೆಕ್ಕ ಕೊನೆಗೆ. ದಂತವೈದ್ಯರಿಂದ ರೂಟ್ ಕೆನಾಲ್, ಕ್ಯಾಪಿನ ಅಂದಾಜು ಬರೆಸಿ, ತಪ್ಪಿದ ಕೂಲಿ ಸೇರಿಸಿ. ಖರ್ಚನ್ನು ಹೊಡೆದವರೇ ದುಡಿದು ಕಂತಿನಲ್ಲಿ ಕಟ್ಟಲಿ, ಅಪ್ಪ ಹೊಲ ಒತ್ತೆ ಇಟ್ಟು ಕೊಟ್ಟರೆ ಅವರಿಗೆ ಅಂಟುವುದೇನು? ಕಂತು ಬ್ಯಾಂಕ್ ಮೂಲಕವೇ ಹೋಗಲಿ. ಕೊನೆಯ ಕಂತು ಬಿದ್ದ ಮೇಲೆಯೇ ಜಂಟಿ ಮೆಮೊ (ಎರಡೂ ಕಡೆಯವರು ಸೇರಿ ಕೋರ್ಟಿಗೆ ಕೊಡುವ ರಾಜಿ ಅರ್ಜಿ) ಹಾಕಿಸಿ. ಅರ್ಧ ದುಡ್ಡಿಗೇ ಖುಲಾಸೆ ಆದರೆ ಉಳಿದದ್ದಕ್ಕೆ ಆ ಕೇಸು ಮತ್ತೆ ತೆರೆಯುವುದಿಲ್ಲ. ಕಾಗದದಲ್ಲಿ ‘ನಾನೇ ಹೊಡೆದೆ’ ಅಂತ ಮಾತ್ರ ಬರೆಸಬೇಡಿ, ಅನುಮತಿ ಸಿಗದಿದ್ದರೆ ವಿಚಾರಣೆಯಲ್ಲಿ ಅದೇ ಎದುರು ಬಂದೀತು.

ಗಂಗಾವತಿ_ಪಿಎಲ್‌ವಿ:
ಧನ್ಯವಾದ ಮೇಡಂ. ಅವನು ಕೊನೆಗೆ ಒಲ್ಲೆ ಅಂದರೆ?

ಕರಿಕೋಟು:
ಒಲ್ಲೆ ಅಂದರೆ ಮುಗೀತು, ಒತ್ತಾಯ ಬೇಡ. ವಿಚಾರಣೆ ನಡೆದು ತಪ್ಪಿತಸ್ಥರೆಂದಾದರೆ 1958ರ ಪ್ರೊಬೇಷನ್ ಕಾಯ್ದೆ (ಜೈಲಿಗೆ ಹಾಕದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವ ಕಾಯ್ದೆ) ಇದೆ. 6ನೇ ಕಲಂ ಪ್ರಕಾರ 21ರ ಒಳಗಿನವರಿಗೆ, ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ನೋಡದೆ, ಕಾರಣ ಬರೆಯದೆ ಜೈಲು ಕೊಡುವಂತಿಲ್ಲ. 5ನೇ ಕಲಂನಲ್ಲಿ ಪರಿಹಾರವನ್ನೂ ಕೊಡಿಸಬಹುದು. ವಯಸ್ಸು ಲೆಕ್ಕ ಹಾಕುವುದು ಹೊಡೆದ ದಿನಕ್ಕಲ್ಲ, ಕೋರ್ಟ್ ತಪ್ಪಿತಸ್ಥ ಅನ್ನುವ ದಿನಕ್ಕೆ. 20ರ ಹುಡುಗನ ಕೇಸು ವಾಯಿದೆ ಮೇಲೆ ವಾಯಿದೆ ಎಳೆದರೆ ಆ ರಕ್ಷಣೆ ಹೋಯ್ತು, ಕೋರ್ಟಿಗೆ ಸರಿ ಕಂಡರೆ ಸನ್ನಡತೆಯ ಮೇಲೆ ಬಿಡಬಹುದು ಅನ್ನುವ 4ನೇ ಕಲಂ ಅಷ್ಟೇ ಉಳಿಯುತ್ತದೆ.

ನಡುವಿನವಳು:
ಇನ್ನೊಂದು. ಎಫ್‌ಐಆರ್‌ನಲ್ಲಿ ಜಾತಿ ನಿಂದನೆ ಸೇರಿ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಹಾಕಿದ್ದರೆ ಊರಲ್ಲಿ ರಾಜಿ ಮಾತೇ ಎತ್ತಬೇಡಿ, ಅದು ಒತ್ತಡವಾಗಿಯೇ ಕಾಣುತ್ತದೆ. ಬಾಧಿತನಿಗೆ ಉಚಿತ ವಕೀಲರು ಬೇಕಿದ್ದರೆ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಸಹಾಯವಾಣಿ 15100.