ಪದಚರ್ಚೆ: ಸೇಲಂ ದಿನಚರಿಯಲ್ಲಿ ‘ದೆವ್ವ’ ಬೇಡ

> ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಹಳ್ಳಿಯಲ್ಲಿ 1692ರಲ್ಲಿದ್ದ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಕ್ರೈಸ್ತ) ರೈತನೊಬ್ಬನ ದಿನಚರಿ ಎಂಬಂತೆ ಕೆಲವು ಪುಟ ಬರೆದಿದ್ದೇನೆ. ನಾಟಕದ ಕೈಪಿಡಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಪ್ಯೂರಿಟನ್ನರಿಗೆ ‘ಮಡಿವಂತರು’, ಮಾಟ ಮಾಡುವವಳಿಗೆ ‘ವಾಮಾಚಾರಿಣಿ’, ಹುಡುಗಿಯರನ್ನು ಕಾಡುವ ಆಕೃತಿಗಳಿಗೆ ‘ದೆವ್ವ’ ಎಂದು ಹಾಕಿದ್ದೇನೆ. ಸರಿಯೇ?

ಮೂರೂ ಸರಿಯಿಲ್ಲ. ಪುರುಸೊತ್ತಿಲ್ಲದಿದ್ದರೆ ‘ದೆವ್ವ’ವೊಂದನ್ನಾದರೂ ಕಿತ್ತುಹಾಕಿ. ಅದು ಇದ್ದರೆ ಮಾಟದ ಆರೋಪದ ಮೇಲೆ ಅಲ್ಲಿ ನಡೆದ ಮೊಕದ್ದಮೆಗಳು ಏತಕ್ಕೆ ನಡೆದವು ಎಂಬುದೇ ಓದುಗರಿಗೆ ತಿಳಿಯುವುದಿಲ್ಲ.

ನಮ್ಮಲ್ಲಿ ದೆವ್ವವಾಗುವವರು ಸತ್ತವರು. ಸೇಲಂನ ಹುಡುಗಿಯರು ‘ಚಿವುಟಿತು, ಕಚ್ಚಿತು, ಕತ್ತು ಹಿಸುಕಿತು’ ಎಂದು ಕೂಗಿದ್ದು ಮುಖ್ಯವಾಗಿ ಬದುಕಿದ್ದ ನೆರೆಹೊರೆಯವರ ರೂಪದ ಬಗ್ಗೆ. ರೆಬೆಕ್ಕಾ ನರ್ಸ್ ಎಂಬ ಮುದುಕಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗಲೇ ಆಕೆಯ ರೂಪ ಬೇರೆಯವರ ಮನೆಯಲ್ಲಿ ಪೀಡಿಸುತ್ತಿದೆ ಎಂಬ ದೂರು ಹುಟ್ಟಿತು. (ನರ್ಸ್ ಎಂಬುದು ಮನೆತನದ ಹೆಸರು, ದಾದಿ ಎಂದು ಯಾರೂ ಓದಿಕೊಳ್ಳದಂತೆ ಪೂರ್ತಿ ಹೆಸರು ಬರೆಯಿರಿ.) ನಿರಪರಾಧಿಯ ರೂಪವನ್ನು ಅವರ ಒಪ್ಪಿಗೆಯಿಲ್ಲದೆ ಸೈತಾನನು ತೊಡಬಲ್ಲನೇ ಎಂಬುದೇ ಅಲ್ಲಿನ ಜೀವ ಹೋಗುವ ಪ್ರಶ್ನೆ. ತೊಡಲಾರ ಎಂದು ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ನಂಬಿದ್ದರು. ತೊಡಬಲ್ಲ, ಆದ್ದರಿಂದ ಇಂಥ ಸಾಕ್ಷ್ಯದ ಮೇಲೆ ಯಾರನ್ನೂ ಕೊಲ್ಲಬಾರದು ಎಂದು ಬಾಸ್ಟನ್ನಿನ ಪಾದ್ರಿ ಇನ್‌ಕ್ರೀಸ್ ಮ್ಯಾದರ್ ವಾದಿಸಿದ್ದು ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ 19 ಜನ ನೇಣಿಗೇರಿದ್ದರು. ವಿಚಾರಣೆಗೆ ಒಳಪಡಲು ಒಪ್ಪದ ಜೈಲ್ಸ್ ಕೋರಿ ಕಲ್ಲುಗಳ ಭಾರದಡಿ ಸತ್ತಿದ್ದ. ಈ ತರ್ಕವನ್ನು ‘ರೂಪ’ ಹೊರುತ್ತದೆ, ‘ದೆವ್ವ’ ಹೊರುವುದಿಲ್ಲ. ‘ಛಾಯಾಶರೀರ’ವೂ ಹೊಲ ಉಳುವವನ ದಿನಚರಿಗೆ ಸಲ್ಲದ ಮಾತು.

‘ವಾಮಾಚಾರ’ ತಾಂತ್ರಿಕರ ಒಂದು ಮಾರ್ಗ. ಇಂದಿನ ಪತ್ರಿಕೆಗಳು ಅದನ್ನು ಎಲ್ಲದಕ್ಕೂ ಅಂಟಿಸುತ್ತವೆ ಎಂದು ನಾವೂ ಅಂಟಿಸಬೇಕೇ? ಸೇಲಂನ ಆರೋಪವೇ ಬೇರೆ: ಸೈತಾನನ ಪುಸ್ತಕಕ್ಕೆ ಸಹಿ ಹಾಕಿದಳು ಎಂಬುದು. ಸಭೆಯು (ಚರ್ಚಿನ ಭಕ್ತಸಮುದಾಯವು) ದೇವರೊಡನೆ ಮಾಡಿಕೊಂಡ ಒಡಂಬಡಿಕೆಗೆ ಎದುರಾಗಿ ಸೈತಾನನೊಡನೆ ಇನ್ನೊಂದು ಒಡಂಬಡಿಕೆ. ಎರಡು ಕಡೆಯೂ ಅದೇ ಪದವನ್ನು ಬಳಸಿ. ಆ ಜನರ ಭಯ ಅದರಲ್ಲೇ ಇದೆ. ಉಳಿದದ್ದಕ್ಕೆ ‘ಮಾಟ’ ಸಾಕು. ಆಡು–ಆಟ, ನೋಡು–ನೋಟ, ಮಾಡು–ಮಾಟ. ಸಂಸ್ಕೃತವೂ ‘ಮಾಡು’ ಎಂಬರ್ಥದ ‘ಕೃ’ ಧಾತುವಿನಿಂದ ಮಾಟ ಎಂಬರ್ಥದ ‘ಕೃತ್ಯೆ’ಯನ್ನು ಹೀಗೆಯೇ ಕಟ್ಟಿಕೊಂಡಿತು. ಕೇಡನ್ನು ಬರಿಯ ‘ಮಾಡುವಿಕೆ’ ಎಂದು ಕರೆದ ನಮ್ಮವರ ಜಾಣ್ಮೆಗೆ ನಾನು ಇಂದಿಗೂ ಬೆರಗಾಗುತ್ತೇನೆ. ಗಲ್ಲಿಗೇರಿದವರಲ್ಲಿ ಐವರು ಗಂಡಸರು, ಆದ್ದರಿಂದ ‘ಮಾಟಗಾರ’ ಕೂಡ ಬೇಕಾಗುತ್ತದೆ.

ಇನ್ನು ‘ಅಚ್ಚಗನ್ನಡ ಬಿಟ್ಟು ಸೈತಾನ, ಸಬ್ಬತ್ (ವಾರದ ವಿಶ್ರಾಂತಿ ದಿನ) ಏಕೆ’ ಎಂದು ಎಂದಿನಂತೆ ಎದ್ದಿರುವವರಿಗೆ: ನೀವು ಮೆಚ್ಚುವ ‘ಮಾಟಗಾರ’ದ ‘ಗಾರ’ ಸಂಸ್ಕೃತದ ‘ಕಾರ’. ಎರವಲು ತೆಗೆದರೆ ಮಾಟಗಾರನೇ ಉಳಿಯುವುದಿಲ್ಲ. ಕನ್ನಡ ಬೈಬಲ್ ಓದುವ ಮನೆಗಳಲ್ಲಿ ಸೈತಾನ, ಸಬ್ಬತ್, ಸಭೆ, ಒಡಂಬಡಿಕೆ ದಿನದ ಮಾತುಗಳು. ಅವರೂ ಕನ್ನಡಿಗರೇ. ಬೈಬಲನ್ನೇ ಉಸಿರಾಡುತ್ತಿದ್ದ ರೈತನಿಗೆ ಆ ಮನೆಗಳ ಕನ್ನಡವನ್ನು ಬಿಟ್ಟು ಬೇರೆ ಯಾವುದನ್ನು ಕೊಡುತ್ತೀರಿ?

‘ಮಡಿವಂತ’ ಖಂಡಿತ ಬೇಡ. ಮಡಿಯ ಚಿಂತೆ ಮುಟ್ಟುವುದರದ್ದು. ಇವರ ಚಿಂತೆ ಚರ್ಚಿನಿಂದ ರೋಮಿನ ಆಚರಣೆಗಳನ್ನು ತೊಳೆಯುವುದು. ‘ಪ್ಯೂರಿಟನ್’ ಮೊದಲಿಗೆ ವಿರೋಧಿಗಳು ಇಟ್ಟ ಹಂಗಿಸುವ ಹೆಸರು. ಮುನ್ನುಡಿಯಲ್ಲಿ ಅದನ್ನು ಹಾಗೆಯೇ ಬಳಸಿ, ದಿನಚರಿಯೊಳಗೆ ರೈತ ‘ನಾವು ದೈವಭಕ್ತರು’ ಎನ್ನಲಿ.

ನೀವು ಲಗತ್ತಿಸಿದ ಮೊದಲ ಪುಟದಲ್ಲಿ ‘ಭಾನುವಾರ’ ಇದೆ. ಸೂರ್ಯನ ಹೆಸರಿನ ದಿನವನ್ನು ಕಟ್ಟಾ ಪ್ಯೂರಿಟನ್ನನೊಬ್ಬ ಬರೆಯಲು ಹಿಂಜರಿಯುತ್ತಾನೆ. ‘ಕರ್ತನ ದಿನ’ ಎಂದು ಮಾಡಿ. ಮೊದಲು ಆರೋಪಕ್ಕೆ ಗುರಿಯಾದವರಲ್ಲಿ ಒಬ್ಬಳಾದ ಗುಲಾಮ ಹೆಂಗಸು ಟಿಟುಬಾಳ ವಿಚಾರಣೆ ಶುರುವಾದ ದಿನಕ್ಕೆ ‘ಮಾರ್ಚ್ 1, 1691/92’ ಎಂದು ಹಾಕಿ, ಏಕೆಂದರೆ ಅವರ ಹೊಸ ವರ್ಷ ಮಾರ್ಚ್ 25ಕ್ಕೆ, ಅಲ್ಲಿಯವರೆಗೆ ಅವರಿಗೆ ಇನ್ನೂ 1691. ಕೊನೆಯ ಪುಟದ ‘ಸುಟ್ಟರು’ ತಪ್ಪು. ಇಂಗ್ಲಿಷ್ ಕಾನೂನಿನಲ್ಲಿ ಮಾಟಕ್ಕೆ ಶಿಕ್ಷೆ ನೇಣು, ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ‘ಗಲ್ಲಿಗೇರಿಸಿದರು’ ಎಂದು ತಿದ್ದಿ ಕಳುಹಿಸಿ.