ಅಲೆಯ ಸದ್ದು ಹಾಕಿದರೆ ಎದೆ ಹೊಡೆದುಕೊಳ್ಳುತ್ತದೆ, ನಾನು ಧ್ಯಾನ ಮಾಡುವುದು ಹೇಗೆ?

ಈ ವಾರ ನಮ್ಮ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಕುಮಟಾದ ಒಬ್ಬ ಆಪ್ತಸಮಾಲೋಚಕಿ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ, ಕಾರವಾರದಿಂದ: ಮೇಡಂ, ನಮ್ಮನೆಯವರು ಬೈತಖೋಲ ಬಂದರಿನಿಂದ ಮೀನಿನ ಬೋಟಿಗೆ ಹೋಗುತ್ತಾರೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇದ್ದಾಗ ನಾನು ಆರಾಮಾಗಿದ್ದೆ. ಆಗಸ್ಟ್ 1ಕ್ಕೆ ಬೋಟ್ ಇಳಿದ ಮೇಲೆ ರಾತ್ರಿ ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ. ಎದೆ ಢವಢವ, ಕೈ ತಣ್ಣಗೆ. ಡಾಕ್ಟರ್ ಇಸಿಜಿ, ಥೈರಾಯ್ಡ್ ಎಲ್ಲ ನೋಡಿ ಇದು ಆತಂಕ ಎಂದರು. ತಂಗಿ ಮೊಬೈಲಿನಲ್ಲಿ ಒಂದು ಧ್ಯಾನದ ಆಡಿಯೋ ಹಾಕಿಕೊಟ್ಟಳು. ‘ನೀವು ಸಮುದ್ರ ದಂಡೆಯಲ್ಲಿ ಇದ್ದೀರಿ, ಅಲೆಗಳು ಬರುತ್ತಿವೆ’ ಎಂದು ಶುರುವಾಗುತ್ತದೆ. ಅದನ್ನು ಕೇಳಿದ ಕೂಡಲೇ ನನಗೆ ಬೋಟೇ ಕಣ್ಣ ಮುಂದೆ ಬಂತು. ಎದ್ದು ಕೂತುಬಿಟ್ಟೆ. ಧ್ಯಾನ ನನ್ನಂಥವರಿಗೆ ಆಗುವುದಿಲ್ಲವಾ?

ಉತ್ತರ: ಆಗುತ್ತದೆ ಅಕ್ಕಾ. ತಪ್ಪು ನಿಮ್ಮದಲ್ಲ, ಆ ಚಿತ್ರ ನಿಮ್ಮದಲ್ಲ ಅಷ್ಟೇ. ರಜೆಗೆ ಬಂದು ಠಾಗೋರ್ ಕಡಲತೀರದಲ್ಲಿ ಕೂತು ಹೋಗುವವರಿಗೆ ಸಮುದ್ರ ಎಂದರೆ ಆರಾಮು. ನಿಮಗೆ ಸಮುದ್ರ ಎಂದರೆ ಗಂಡ ಇನ್ನೂ ವಾಪಸ್ ಬಂದಿಲ್ಲ ಎಂಬುದು. ಎರಡೂ ಒಂದೇ ಹೇಗಾಗುತ್ತದೆ?

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ಹೇಳುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ, ಭರಣಿಯಿಂದ ಈಗ ತಾನೇ ತೆಗೆದದ್ದು, ಸೊನೆಯ ವಾಸನೆ ಇನ್ನೂ ಇದೆ. ಓದುವಾಗಲೇ ಬಾಯಲ್ಲಿ ನೀರು ಬಂತಲ್ವಾ? ಎದುರಿಗೆ ಉಪ್ಪಿನಕಾಯಿ ಇಲ್ಲ, ಆದರೂ ಮೈ ಉತ್ತರ ಕೊಟ್ಟಿತು. ರಾತ್ರಿ ಎರಡು ಗಂಟೆಗೆ ನಿಮಗೆ ಆಗುವುದೂ ಇದೇ. ಬೋಟ್ ಮಗುಚಿದ ಹಾಗೆ ಮನಸ್ಸು ಒಂದು ಚಿತ್ರ ಬರೆಯುತ್ತದೆ, ಮೈ ಅದನ್ನು ನಿಜ ಎಂದೇ ತಿಳಿದು ಎದೆಬಡಿತ ಜಾಸ್ತಿ ಮಾಡುತ್ತದೆ, ಕೈಕಾಲು ಬಿಗಿಮಾಡುತ್ತದೆ. ಅಂದರೆ ಚಿತ್ರ ಕಟ್ಟುವ ಶಕ್ತಿ ನಿಮ್ಮಲ್ಲಿ ಬೇಕಾದಷ್ಟಿದೆ. ಅದನ್ನೇ ಬೇರೆ ಕಡೆ ತಿರುಗಿಸಬೇಕು.

ಈಗ ನನಗೆ ಒಂದು ಹೇಳಿ. ನೀವು ಯಾವ ಜಾಗದಲ್ಲಿ ‘ಇನ್ನು ಯಾರಿಗೂ ಕಾಯಬೇಕಾಗಿಲ್ಲ’ ಎಂದು ಆರಾಮಾಗಿ ಇದ್ದಿರಿ? ದೊಡ್ಡ ಜಾಗ ಬೇಡ. ಅಡುಗೆಮನೆಯ ಮೂಲೆ ಆದರೂ ಸಾಕು.

ಕಾರವಾರದಿಂದ: ತವರುಮನೆ ಅಂಕೋಲೆ ಕಡೆ. ಅಲ್ಲಿ ಅಟ್ಟದ ಮೇಲೆ ಕರಿ ಇಶಾಡ ಮಾವಿನಹಣ್ಣನ್ನು ಹುಲ್ಲಿನಲ್ಲಿ ಹಣ್ಣಿಗೆ ಇಡುತ್ತಿದ್ದರು. ಮೇ ತಿಂಗಳಲ್ಲಿ ನಾನು ಅಲ್ಲೇ ಹೋಗಿ ಮಲಗುತ್ತಿದ್ದೆ. ಇಂಥದ್ದು ನಡೆಯುತ್ತದಾ?

ಉತ್ತರ: ಇದಕ್ಕಿಂತ ಒಳ್ಳೆಯದು ನಾನು ಹುಡುಕಿದರೂ ಸಿಗುತ್ತಿರಲಿಲ್ಲ. ನಿಮಗಾಗಿ ಬರೆದಿದ್ದೇನೆ. ಇದನ್ನು ನಿಮ್ಮ ದನಿಯಲ್ಲೋ ತಂಗಿಯ ದನಿಯಲ್ಲೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಧಾನಕ್ಕೆ ಓದಿ. ಒಂದೊಂದು ಸಾಲು ಆದ ಮೇಲೆ ಎರಡು ಉಸಿರಿನಷ್ಟು ಸುಮ್ನೆ ಇರಿ.

‘ಉಸಿರನ್ನು ನಾಲ್ಕು ಎಣಿಸುತ್ತಾ ಒಳಗೆ ತೆಗೆದುಕೊಳ್ಳುತ್ತೇನೆ. ಆರು ಎಣಿಸುತ್ತಾ ಬಿಡುತ್ತೇನೆ. ಇನ್ನೊಂದು ಸಲ. ಏಣಿಗೆ ಕೈ ಹಾಕಿದ್ದೇನೆ. ಮರ ನುಣ್ಣಗಿದೆ, ಎಷ್ಟೋ ಜನರ ಕೈ ತಾಗಿ ಸವೆದಿದೆ. ಒಂದು ಮೆಟ್ಟಿಲು. ಇನ್ನೊಂದು. ತಲೆ ಅಟ್ಟಕ್ಕೆ ಬಂದಾಗ ಹಣ್ಣಿನ ವಾಸನೆ ಮುಖಕ್ಕೆ ಬಂತು. ಒಳಗೆ ಬೆಚ್ಚಗಿದೆ. ಹಂಚಿನ ಸಂದಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಬಿದ್ದಿದೆ, ಅದರಲ್ಲಿ ಧೂಳು ತೇಲುತ್ತಿದೆ. ಹುಲ್ಲಿನೊಳಗೆ ಕೈ ಹಾಕುತ್ತೇನೆ. ಹುಲ್ಲು ಬೆರಳಿಗೆ ಚುಚ್ಚುತ್ತದೆ. ಒಂದು ಹಣ್ಣು ಸಿಕ್ಕಿತು. ಸಿಪ್ಪೆ ತೆಳ್ಳಗಿದೆ, ಒತ್ತಿದರೆ ಮೆತ್ತಗೆ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಒರಗುತ್ತೇನೆ. ಬೆನ್ನು ಹಲಗೆಗೆ ತಾಗಿತು. ಭುಜ ಇಳಿಯಿತು. ದವಡೆ ಸಡಿಲವಾಯಿತು. ಕೆಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದಾರೆ. ನನಗೆ ಈಗ ಕೆಲಸವಿಲ್ಲ.’

ನೋಡಿ, ಇದರಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಮೂಗು, ಕೈ, ಬೆನ್ನು ಜಾಸ್ತಿ ಇವೆ. ಬೇಕೆಂದೇ ಹಾಗೆ ಬರೆದೆ. ‘ನಾನು ಶಾಂತವಾಗಿದ್ದೇನೆ’ ಎಂದು ನೂರು ಸಲ ಹೇಳಿಕೊಂಡರೆ ಮೈ ಕೇಳುವುದಿಲ್ಲ. ಅಂಗೈಯಲ್ಲಿ ಹಣ್ಣಿನ ಭಾರ ಇದೆ ಎಂದರೆ ಕೇಳುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿಯೇ ಸ್ವಲ್ಪ ನಿಧಾನವಾಗುತ್ತದೆ, ವೇಗಸ್ ಎಂಬ ನರದ ಕೆಲಸ ಅದು. ಅದಕ್ಕೇ ಬಿಡುವ ಉಸಿರು ಉದ್ದ ಇರಲಿ. ಆದರೆ ಹಟ ಬೇಡ, ಆರು ಆಗದಿದ್ದರೆ ಐದು.

ಒಂದು ಮುಖ್ಯ ಮಾತು. ಇದನ್ನು ರಾತ್ರಿ ಎರಡಕ್ಕೆ ಶುರು ಮಾಡಬೇಡಿ. ಮಧ್ಯಾಹ್ನ ಊಟದ ಕೆಲಸ ಮುಗಿಸಿ, ಎದೆ ಹಗುರ ಇದ್ದಾಗ, ದಿನಾ ಹತ್ತು ನಿಮಿಷ ಮಾಡಿ. ಎರಡು ಮೂರು ವಾರ. ಅಟ್ಟಕ್ಕೆ ಹೋಗುವ ದಾರಿ ಮೊದಲು ರೂಢಿಯಾಗಲಿ. ಗಾಬರಿ ಜೋರಾಗಿ ಬಂದಾಗ ಯಾವ ಚಿತ್ರವೂ ನಿಲ್ಲುವುದಿಲ್ಲ. ಆಗ ಮೊದಲು ಪಾದ ನೆಲಕ್ಕೆ ಒತ್ತಿ, ಮುಖಕ್ಕೆ ತಣ್ಣೀರು ಹಾಕಿ, ಉದ್ದ ಉಸಿರು ಬಿಡಿ. ಸ್ವಲ್ಪ ಇಳಿದ ಮೇಲೆ ಏಣಿ ಹತ್ತಿ.

ಪ್ರಶ್ನೆ, ಶಿರಸಿಯಿಂದ: ಮೇಡಂ, ನಾನು ಅಡಿಕೆ ತೋಟದವನು. ಮಳೆ ಬಿಡದೆ ಹೊಡೆದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ ಎಂಬ ಚಿಂತೆ. ಅದಕ್ಕೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವವರು ಸಿಗುವುದಿಲ್ಲ ಎಂಬುದು ಇನ್ನೊಂದು. ಈ ಕಲ್ಪನೆಯ ಧ್ಯಾನ ಎರಡು ತಿಂಗಳಿನಿಂದ ಮಾಡುತ್ತಿದ್ದೇನೆ. ಕಣ್ಣು ಮುಚ್ಚಿದರೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ಉಳಿದವರಿಗೆ ನಿಜವಾಗಿ ಚಿತ್ರ ಕಾಣುತ್ತದಾ?

ಉತ್ತರ: ಹೌದು ಅಣ್ಣಾ, ಸುಮಾರು ಜನರಿಗೆ ಕಾಣುತ್ತದೆ. ಕೆಲವರಿಗೆ ಸಿನಿಮಾದ ಹಾಗೆ, ಕೆಲವರಿಗೆ ಮಸುಕಾಗಿ. ಕೆಲವರಿಗೆ ಏನೂ ಇಲ್ಲ. ಈ ಕೊನೆಯದಕ್ಕೆ 2015ರಲ್ಲಿ ಆಡಮ್ ಝೀಮನ್ ಎಂಬ ನರರೋಗ ತಜ್ಞ ಮತ್ತು ಅವರ ಸಂಗಡಿಗರು ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಇದು ಕಾಯಿಲೆಯಲ್ಲ, ಮನಸ್ಸಿನ ಒಂದು ಬಗೆ. ಎರಡು ತಿಂಗಳು ನಿಮ್ಮನ್ನು ನೀವೇ ಬೈದುಕೊಂಡಿರಬೇಕು, ಅದನ್ನು ಇವತ್ತಿಗೆ ಬಿಡಿ.

ನಿಮಗೆ ಮೈಯಿಂದ ಶುರುವಾಗುವ ದಾರಿ ಸರಿ. 1920ರ ದಶಕದಲ್ಲಿ ಅಮೆರಿಕದ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು ಹೇಳಿಕೊಟ್ಟದ್ದು. ಬಲಗೈ ಮುಷ್ಟಿ ಐದಾರು ಸೆಕೆಂಡ್ ಬಿಗಿ ಹಿಡಿಯಿರಿ. ಬಿಡಿ. ಬಿಟ್ಟ ಮೇಲೆ ಹದಿನೈದು ಇಪ್ಪತ್ತು ಸೆಕೆಂಡ್ ಆ ಕೈ ಹೇಗಿದೆ ಎಂದು ಸುಮ್ನೆ ಗಮನಿಸಿ. ಆಮೇಲೆ ಎಡಗೈ, ಭುಜ, ಮುಖ, ಹೊಟ್ಟೆ, ಕಾಲು. ನೋವಿರುವ ಜಾಗ ಬಿಟ್ಟುಬಿಡಿ. ಚಿತ್ರದ ಬದಲು ಶಬ್ದ ಇಟ್ಟುಕೊಳ್ಳಬಹುದು. ಸುಗ್ಗಿಯಲ್ಲಿ ನಾಲ್ಕಾರು ಜನ ಕೂತು ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯಿಂದ ಬರುವ ಆ ಒಂದೇ ಲಯದ ಸದ್ದು ನಿಮಗೆ ನೆನಪಿದೆ ತಾನೇ? ಅದನ್ನು ಕಿವಿಯಲ್ಲಿ ಕೇಳಿಸಿಕೊಂಡರೂ ಸಾಕು. ಮರ ಹತ್ತುವವರ ಚಿಂತೆ ಧ್ಯಾನದಿಂದ ಹೋಗುವುದಿಲ್ಲ. ಅದನ್ನು ಹಗಲಲ್ಲಿ ಪೇಪರಿನ ಮೇಲೆ ಬರೆದು ಯಾರಿಗೆ ಫೋನ್ ಮಾಡುವುದು ಎಂದು ನಿರ್ಧಾರ ಮಾಡಿ ಮಲಗಿ.

ಪ್ರಶ್ನೆ, ಅಂಕೋಲಾದಿಂದ: ನಮ್ಮ ಮನೆ ಗುಡ್ಡದ ಬುಡದಲ್ಲಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ದಿನ ನಾನು ಅಲ್ಲೇ ಹತ್ತಿರ ಇದ್ದೆ. ಈಗಲೂ ಕಣ್ಣು ಮುಚ್ಚಿ ಕೂತರೆ ಅದೇ ಬರುತ್ತದೆ. ಮಣ್ಣಿನ ವಾಸನೆ ಸಮೇತ.

ಉತ್ತರ: ನೀವು ಸದ್ಯಕ್ಕೆ ಕಣ್ಣು ಮುಚ್ಚಿ ಮಾಡುವ ಯಾವ ಧ್ಯಾನವನ್ನೂ ಒಬ್ಬರೇ ಮಾಡಬೇಡಿ, ದಯವಿಟ್ಟು. ಮೇಲೆ ಬರೆದ ಅಟ್ಟದ ಧ್ಯಾನವನ್ನೂ ಬೇಡ. ಅಂಥ ಘಟನೆ ಕಂಡವರಿಗೆ ಒಳಗೆ ನೋಡಿದರೆ ಅದೇ ಎದುರಾಗುತ್ತದೆ. ಕಣ್ಣು ತೆರೆದೇ ಇರಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ಬಾಯಿಬಿಟ್ಟು ಹೆಸರು ಹೇಳಿ. ಮಣ್ಣಿನ ವಾಸನೆ ಬಂದಾಗ ಕೈಯಲ್ಲಿ ಒಂದು ನಿಂಬೆ ಎಲೆ ಉಜ್ಜಿ ಮೂಸಿ, ಇದು ಇವತ್ತು, ಇದು ನನ್ನ ಮನೆ ಎಂದು ಜೋರಾಗಿ ಹೇಳಿಕೊಳ್ಳಿ. ಇಷ್ಟು ತಿಂಗಳಾದರೂ ಹೋಗದ ನೆನಪಿಗೆ ಚಿಕಿತ್ಸೆ ಇದೆ, ಒಳ್ಳೆಯ ಚಿಕಿತ್ಸೆಯೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನನಗೂ ಖಾಸಗಿಯಾಗಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ, ಹೊನ್ನಾವರದಿಂದ: ಅಕ್ಕಾ, ನಾನು ಪಿಯುಸಿ ವಿದ್ಯಾರ್ಥಿನಿ. ಆಡಿಯೋ ಹಾಕಿದರೆ ಐದು ನಿಮಿಷಕ್ಕೆ ನಿದ್ದೆ. ಉಪಯೋಗ ಇದೆಯಾ?

ಉತ್ತರ: ರಾತ್ರಿಯಾದರೆ ಒಳ್ಳೆಯದೇ ಆಯಿತು ಪುಟ್ಟಿ, ನಿನಗೆ ನಿದ್ದೆ ಸಾಲುತ್ತಿಲ್ಲ. ಪರೀಕ್ಷೆಯ ಭಯಕ್ಕೆ ಬೇಕಾದರೆ ಬೆಳಿಗ್ಗೆ ಗೋಡೆಗೆ ಒರಗಿ ಕೂತು ಮಾಡು. ಬಸ್ಸಲ್ಲಿ ಕೇಳಬಹುದು, ಸ್ಕೂಟಿ ಓಡಿಸುವಾಗ ಮಾತ್ರ ಖಂಡಿತ ಬೇಡ.

ಕಾರವಾರದಿಂದ, ಹನ್ನೊಂದು ದಿನದ ನಂತರ: ಮೇಡಂ, ದಿನಾ ಮಾಡುತ್ತಿದ್ದೇನೆ. ತಂಗಿಯೇ ಓದಿದ್ದಾಳೆ. ಏಣಿಯ ತನಕ ಸರಿ ಹೋಗುತ್ತದೆ, ಹಣ್ಣಿನ ವಾಸನೆ ಬರಲು ಒಂದು ವಾರ ಬೇಕಾಯಿತು. ಒಂದು ಅನುಮಾನ. ಮೊನ್ನೆ ನಿಜವಾಗಿಯೇ ಗಾಳಿ ಜೋರಿತ್ತು, ಇವರು ಹೊರಗಿದ್ದರು, ಫೋನ್ ಸಿಗುತ್ತಿರಲಿಲ್ಲ. ಅಂಥ ರಾತ್ರಿ ಅಟ್ಟಕ್ಕೆ ಹೋಗಿ ಮಲಗುವುದು ಸರಿಯೆನಿಸಲಿಲ್ಲ. ಮಾಡಲಿಲ್ಲ.

ಉತ್ತರ: ನೀವು ಮಾಡಿದ್ದು ಸರಿ. ಆ ರಾತ್ರಿಯ ಹೆದರಿಕೆ ಕಾಯಿಲೆಯಲ್ಲ ಅಕ್ಕಾ, ಪ್ರೀತಿ ಇರುವ ಯಾರಿಗಾದರೂ ಬರುವಂಥದ್ದು. ಅಂಥ ದಿನ ಸಂಜೆ ಒಂದು ಸಲ ಹವಾಮಾನದ ಎಚ್ಚರಿಕೆ ನೋಡಿ. ಬೋಟಿನ ಮಾಲೀಕರಿಗೆ ಒಂದು ಸಲ ಫೋನ್ ಮಾಡಿ ವಿಚಾರಿಸಿ. ಅರ್ಧ ಗಂಟೆಗೊಮ್ಮೆ ಬೇಡ. ಆಮೇಲೆ ಒಬ್ಬರೇ ಇರಬೇಡಿ, ಅದೇ ಬೋಟಿಗೆ ಹೋದವರ ಮನೆಯ ಹೆಂಗಸರನ್ನು ಕರೆದು ಕೂರಿಸಿಕೊಳ್ಳಿ, ಚಹಾ ಇಡಿ. ನಾಲ್ಕು ಒಳಗೆ, ಆರು ಹೊರಗೆ, ಅಷ್ಟು ಸಾಕು. ನಿಮ್ಮನೆಯವರು ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೂ ನಿಮ್ಮ ಮೈ ಒಂದೆರಡು ದಿನ ಬಿಗಿಯಾಗಿಯೇ ಇರುತ್ತದೆ. ಅಟ್ಟಕ್ಕೆ ಹೋಗಬೇಕಾದದ್ದು ಆ ಮಧ್ಯಾಹ್ನ.