ವಕೀಲರಿಗೆ ಹೆಚ್ಚುವರಿ ಶುಲ್ಕ ಕೊಟ್ಟರೆ ಮನೆ ಬೇಗ ನೋಂದಣಿಯಾದೀತೇ?

ಪ್ರಶ್ನೆ: ಬೆಂಗಳೂರಿನಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಲು ಮೂರು ತಿಂಗಳ ಅವಧಿಯ ಕರಾರು ಮಾಡಿಕೊಂಡಿದ್ದೇವೆ. ದಾಖಲೆ ಪರಿಶೀಲನೆಗೆ ಮೂರು ವಾರ ಬೇಕೆಂದಿದ್ದ ವಕೀಲರು, 10,000 ರೂಪಾಯಿ ಹೆಚ್ಚು ಕೊಟ್ಟರೆ ಒಂದೇ ವಾರದಲ್ಲಿ ಅಭಿಪ್ರಾಯ ಬರೆದುಕೊಡುವುದಾಗಿ ಹೇಳುತ್ತಾರೆ. ಮಧ್ಯವರ್ತಿಯು ಇದಲ್ಲದೆ ‘ಕಚೇರಿ ಖರ್ಚು’ ಎಂದು 25,000 ಕೇಳುತ್ತಿದ್ದಾರೆ. ಹೀಗೆ ಕೊಟ್ಟು ನೋಡಿದವರು ದಯವಿಟ್ಟು ಅನುಭವ ತಿಳಿಸಿ.

ಉತ್ತರ 1: ನಾವು 8,000 ಹೆಚ್ಚಿಗೆ ಕೊಟ್ಟೆವು. ವಕೀಲರು ಮಾತಿಗೆ ತಪ್ಪಲಿಲ್ಲ; ಐದನೆಯ ದಿನವೇ ವರದಿ ಕೈಸೇರಿತು. ಆದರೆ ಅದರಲ್ಲಿದ್ದದ್ದು ಬಹುಪಾಲು ಇನ್ನೂ ತರಬೇಕಾದ ಕಾಗದಗಳ ಪಟ್ಟಿ. ಋಣಭಾರ ಪ್ರಮಾಣಪತ್ರದಲ್ಲಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ವಿವರ) 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಸಿಕ್ಕಿತು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕಗಳನ್ನೇ ಹುಡುಕಿಸಬೇಕಾಯಿತು, ಅಲ್ಲಿ ನಮ್ಮ ವಕೀಲರ ಅವಸರ ನಡೆಯಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಜಾಗವು ಪಿತ್ರಾರ್ಜಿತವಾಗಿದ್ದು, 2011ರ ವಿಭಾಗ ಪತ್ರಕ್ಕೆ ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕಿರುವುದರಿಂದ, ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದ ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವ ಹೊತ್ತಿಗೆ ಏಳು ವಾರ ಕಳೆಯಿತು. ಆ 8,000 ದಂಡವೆಂದು ನಾನು ಹೇಳಲಾರೆ. ಮುಂಗಡದ ಎರಡನೆಯ ಕಂತು ಕೊಡುವ ಮೊದಲೇ ಈ ಕೊರತೆ ಗೊತ್ತಾದದ್ದು ಅದರಿಂದಲೇ. ನೀವು ಕೊಡುವುದಾದರೆ, ಎಲ್ಲ ಕಾಗದಗಳೂ ವಕೀಲರ ಮೇಜಿನ ಮೇಲೆ ಬಂದಿವೆಯೇ ಎಂದು ಮೊದಲು ಕೇಳಿ. ಬಂದಿಲ್ಲವಾದರೆ, ಇಲ್ಲದ ಕಾಗದವನ್ನು ಬೇಗ ಓದಲು ಹಣ ಕೊಟ್ಟಂತಾಗುತ್ತದೆ.

ಉತ್ತರ 2: ವಕೀಲರ ಶುಲ್ಕಕ್ಕೆ ರಸೀದಿಯಿದೆ, ಮಧ್ಯವರ್ತಿ ಕೇಳುವ ಮೊತ್ತಕ್ಕೆ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆ ‘ಕಚೇರಿ ಖರ್ಚು’ ನೋಂದಣಿ ಕಚೇರಿಯವರಿಗೆ ಕೊಡುವ ಲಂಚವೇ ಆಗಿರಬಹುದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಾದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವರಿಗೂ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಬಲವಂತಕ್ಕೆ ಕೊಟ್ಟವರು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ವಿನಾಯಿತಿ. ನಾನು ನಿರಾಕರಿಸಿ, ಕಾವೇರಿ 2.0ರಲ್ಲಿ ಸ್ವತಃ ಅರ್ಜಿ ಹಾಕಿ ದಿನ ಗೊತ್ತುಮಾಡಿಕೊಂಡೆ. ಮಧ್ಯವರ್ತಿ ಹೇಳಿದ್ದಕ್ಕಿಂತ ಒಂಬತ್ತು ದಿನ ತಡವಾಯಿತು, ಅಷ್ಟೇ.

ಉತ್ತರ 3: ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ವಕೀಲರೂ ಪ್ರತ್ಯೇಕವಾಗಿ ಪರಿಶೀಲಿಸುತ್ತಾರೆ, ನೀವು ಕೊಡುವ ಹೆಚ್ಚುವರಿ ಶುಲ್ಕ ಅವರನ್ನು ಅವಸರಪಡಿಸದು. ಪತ್ರಿಕೆಯಲ್ಲಿ ಆಕ್ಷೇಪಣೆ ಆಹ್ವಾನಿಸುವ ಪ್ರಕಟಣೆ ಕೊಟ್ಟರೆ ಅದರ ಗಡುವನ್ನೂ ಕಾಯಲೇಬೇಕು. ಕರಾರಿನ ಅವಧಿಯ ಚಿಂತೆಯಿದ್ದರೆ, ಅದನ್ನು ವಿಸ್ತರಿಸಿ ಎರಡೂ ಕಡೆಯವರು ಬರಹದಲ್ಲಿ ಒಪ್ಪಿಕೊಳ್ಳುವುದು ಅಗ್ಗದ ದಾರಿ. ನಾವು ಹದಿನೈದು ದಿನ ಕೇಳಿದಾಗ ಮಾರುವವರು ಮರುಮಾತಿಲ್ಲದೆ ಸಹಿ ಹಾಕಿದರು. ಇ-ಖಾತಾದಲ್ಲಿ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇದ್ದ ಹೆಸರಿಗೂ ಆಧಾರ್‌ನಲ್ಲಿದ್ದ ಹೆಸರಿಗೂ ತಾಳೆಯಾಗದೆ, ಅದನ್ನು ತಿದ್ದಿಸಿಕೊಳ್ಳಲು ಅವರಿಗೇ ಆ ಸಮಯ ಬೇಕಾಗಿತ್ತೆಂದು ನಮಗೆ ಆಮೇಲೆ ತಿಳಿಯಿತು.